ತಿಂದು ಏಳೋ ಹೋಟ್ಲು ಬೇರೆ, ಕೂತು ಮಾತಾಡೋ ಹೋಟ್ಲು ಬೇರೆ

ಪ್ರಶ್ನೆ: ನಾವು ಆರು ಜನ ಫ್ರೆಂಡ್ಸ್, ಎಲ್ರೂ ಕರ್ನಾಟಕದ ಬೇರೆ ಬೇರೆ ಕಡೆಯವ್ರು, ಮುಂಬೈಲಿ ಕೆಲಸ. ನಾನು ಘಾಟ್‌ಕೋಪರ್, ಇಬ್ರು ಪೊವಾಯಿ, ಒಬ್ಬ ಡೊಂಬಿವಲಿ, ಒಬ್ಬ ಬೊರಿವಲಿ, ಇನ್ನೊಬ್ಬ ನೆರೂಲ್. ತಿಂಗಳಿಗೊಂದ್ ಸಲ ಸೇರಿ ಹೊರಗಡೆ ಊಟ ಮಾಡ್ತೀವಿ. ಇಬ್ರು ಶುದ್ಧ ವೆಜ್, ಅದ್ರಲ್ಲಿ ಒಬ್ಬನಿಗೆ ಈರುಳ್ಳಿ ಬೆಳ್ಳುಳ್ಳಿನೂ ಆಗಲ್ಲ. ಉಳಿದವ್ರಿಗೆ ಮೀನು ಬೇಕು, ಇಬ್ರಿಗೆ ಬಿಯರ್ ಬೇಕು. ಹೋದ್ಸಲ ಭಾನುವಾರ ಬೆಳಿಗ್ಗೆ ಮಾಟುಂಗಾದ ಒಂದು ತಿಂಡಿ ಹೋಟ್ಲಿಗೆ ಹೋಗಿ ಮುಕ್ಕಾಲು ಗಂಟೆ ಹೊರಗೆ ನಿಂತ್ವಿ, ಒಳಗೆ ಕೂತು ಅರ್ಧ ಗಂಟೆ ಆಗೋದ್ರಲ್ಲಿ ವೇಟರ್ ಕೇಳದೇನೇ ಬಿಲ್ ತಂದಿಟ್ಟ. ಅದರ ಹಿಂದಿನ ತಿಂಗಳು ಒಂದು ಬಾರ್ ರೆಸ್ಟೋರೆಂಟಲ್ಲಿ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಹಾಕಿದ್ರು, ಜಗಳ ಆಯ್ತು, ಕೊನೆಗೆ ಬಿಲ್ ಸಮ ಸಮ ಹಂಚಿದ್ವಿ. ವೆಜ್ ಪುಲಾವ್ ತಿಂದು ನಿಂಬೆ ಸೋಡ ಕುಡಿದ ಡೊಂಬಿವಲಿಯವನೂ ಅಷ್ಟೇ ಕೊಟ್ಟ. ಮಾಟುಂಗಾಕ್ಕೆ ಅವನು ಬರ್ಲೇ ಇಲ್ಲ. ನಮ್ಮಂಥವ್ರು ಎಂಥ ಹೋಟ್ಲಿಗೆ ಹೋಗ್ಬೇಕು, ಬಿಲ್ ಹೇಗೆ ಹಂಚ್ಕೋಬೇಕು, ಅವನನ್ನ ವಾಪಸ್ ಕರೆಯೋದು ಹೇಗೆ?

ಉತ್ತರ: ಮೊದ್ಲು ಆ ಬಿಲ್ ತಂದಿಟ್ಟ ವೇಟರ್ ವಿಷ್ಯ ಮಾತಾಡೋಣ, ಯಾಕಂದ್ರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಅಲ್ಲೇ ಉಂಟು. ಅವನು ನಿಮ್ಗೆ ಅವಮಾನ ಮಾಡ್ಲಿಲ್ಲ. ಮಾಟುಂಗಾದ ಇಡ್ಲಿ ದೋಸೆ ಹೋಟ್ಲು ನಡೆಯೋದೇ ಟೇಬಲ್ ಎಷ್ಟು ಸಲ ಖಾಲಿಯಾಗಿ ತುಂಬತ್ತೆ ಅನ್ನೋದ್ರ ಮೇಲೆ. ಉದಾಹರಣೆಗೆ ನಾಲ್ಕು ಜನ ಕೂರೋ ಒಂದು ಟೇಬಲ್ ತಗೊಳ್ಳಿ, ನಾಲ್ಕೂ ಜನ ಇಡ್ಲಿ, ದೋಸೆ, ಕಾಫಿ ತಗೊಂಡ್ರು, ಬಿಲ್ ಏಳೆಂಟು ನೂರು ಆಯ್ತು ಅಂತಿಟ್ಕೊಳ್ಳಿ. ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ಅರ್ಧ ಗಂಟೆಗೊಂದು ಪಾರ್ಟಿ ಎದ್ರೆ ಆ ಟೇಬಲ್ ಆರು ಸಲ ತುಂಬತ್ತೆ, ಯಾರೋ ಎರಡು ಗಂಟೆ ಹರಟೆ ಹೊಡ್ಕೊಂಡು ಕೂತ್ರೆ ಮೂರೇ ಸಲ. ಬಾಡಿಗೆ, ಗ್ಯಾಸು, ತುಪ್ಪ, ಕಾಫಿಪುಡಿ, ಹುಡುಗ್ರ ಸಂಬಳ, ಅವ್ರಿಗೆ ಊಟ, ಮಲಗೋಕೆ ರೂಮು ಎಲ್ಲ ಆ ಅರ್ಧ ಅರ್ಧ ಗಂಟೆಯಲ್ಲೇ ಹುಟ್ಬೇಕು, ಅದೂ ದೋಸೆ ರೇಟ್ ಏರಿಸದೇನೇ. ನಾನು ಹೋಟ್ಲಿನ ಗಲ್ಲಾ ಕಡೆ ಕೂತು ಲೆಕ್ಕ ನೋಡ್ಕೊಂಡು ಬಂದವನು, ಅದಕ್ಕೆ ಹೇಳ್ತಿದ್ದೀನಿ, ಈ ದುಬಾರಿ ಊರಲ್ಲಿ ಒಳ್ಳೆ ತುಪ್ಪದ ದೋಸೆ ಇನ್ನೂ ಸಾಮಾನ್ಯ ಜನರ ಕೈಗೆ ಸಿಗ್ತಿರೋದೇ ಜನ ಬೇಗ ತಿಂದು ಏಳ್ತಾರೆ ಅನ್ನೋ ಕಾರಣಕ್ಕೆ.

ಮತ್ತೆ ಆ ಜಾಗಗಳು ಹುಟ್ಟಿದ್ದೂ ಹಾಗೇ. ಮಾಟುಂಗಾದಲ್ಲಿ ಕೆಫೆ ಮೈಸೂರ್ ಶುರುವಾಗಿದ್ದು 1936ರಲ್ಲಿ, ರಾಮ ಆಶ್ರಯ 1939, ಕೆಫೆ ಮದ್ರಾಸ್ 1940, ಸ್ಟೇಷನ್ ಎದುರಿಗೆ ಮಹಡಿ ಮೇಲಿರೋ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942. ಆಗ ದಕ್ಷಿಣದಿಂದ ನೌಕರಿಗೆ ಬಂದು ಒಬ್ಬೊಬ್ರೇ ಇದ್ದವ್ರಿಗೆ, ಹತ್ತಿರದ ಕಾಲೇಜುಗಳಲ್ಲಿ ಓದೋ ಹುಡುಗ್ರಿಗೆ ಮನೆ ಊಟದ ಬದಲು ಊಟ ಬೇಕಿತ್ತು. ಬಂದ್ರು, ಎಲೆ ಮುಂದೆ ಕೂತ್ರು, ಹೊಟ್ಟೆ ತುಂಬ ಉಂಡ್ರು, ಕೆಲಸಕ್ಕೆ ಹೋದ್ರು. ಗೊತ್ತಿಲ್ಲದವ್ರ ಎದುರಿಗೆ ಕೂತು ಟೇಬಲ್ ಶೇರ್ ಮಾಡೋದೂ ಅದೇ ಕಾಲದ ಪದ್ಧತಿ, ಇವತ್ತಿಗೂ ಅಲ್ಲಿ ಯಾರೂ ಮುಖ ಸಿಂಡರಿಸಲ್ಲ. ಬರ್ತ್‌ಡೇ ಮಾಡೋಕೆ, ಆರು ಜನ ಸುತ್ತ ಕೂತು ಆಫೀಸ್ ಕಥೆ ಹೇಳೋಕೆ ಅಂತ ಆ ಹಾಲ್ ಕಟ್ಟಿದ್ದೇ ಅಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟೇ, ಮುಂಬೈಲಿ ಹೋಟ್ಲು ಆರಿಸೋವಾಗ ರುಚಿ, ರೇಟಿಂಗು ಆಮೇಲೆ ನೋಡಿ, ಮೊದ್ಲು ಅದು ತಿಂದು ಏಳೋ ಜಾಗನಾ ಕೂತು ಮಾತಾಡೋ ಜಾಗನಾ ಅಂತ ನೋಡಿ. ಎರಡೂ ನಿಮ್ಗೆ ಬೇಕು. ಆದ್ರೆ ಒಂದರಲ್ಲಿ ಇನ್ನೊಂದನ್ನ ಹುಡುಕಿದ್ರೆ ನಿಮ್ಗೂ ಬೇಜಾರು, ಅವ್ರಿಗೂ ಬೇಜಾರು.

ಮಾಟುಂಗಾ ಬಿಡ್ಬೇಡಿ, ಆದ್ರೆ ಭಾನುವಾರ ಒಂಬತ್ತೂವರೆಗೆ ಹೋಗ್ಬೇಡಿ. ಆ ಹೊತ್ತಿಗೆ ಇಡೀ ಮುಂಬೈ ಅಲ್ಲಿರತ್ತೆ, ಹೆಸರು ಬರ್ಸಿ ಫುಟ್‌ಪಾತಲ್ಲಿ ನಿಲ್ಬೇಕು. ಬೆಳಿಗ್ಗೆ ಏಳರ ಸುಮಾರಿಗೆ ಹೋಗಿ, ಅಥ್ವಾ ಶನಿವಾರ ಮಧ್ಯಾಹ್ನ ನಾಲ್ಕು ನಾಲ್ಕೂವರೆ. ಊಟದ ಗದ್ದಲ ಮುಗಿದು ಸಂಜೆ ತಿಂಡಿ ಗದ್ದಲ ಶುರು ಆಗೋ ಮೊದ್ಲು ಒಂದು ಸಣ್ಣ ಬಿಡುವು ಇರತ್ತೆ, ಹೋಟ್ಲಿನವ್ರೂ ಆಗ ಉಸಿರು ಬಿಡ್ತಿರ್ತಾರೆ, ನಗ್ತಾ ಮಾತಾಡಿಸ್ತಾರೆ. ಕೆಫೆ ಮದ್ರಾಸ್‌ಗೆ ಸೋಮವಾರ ರಜೆ, ಬೇರೆ ಹೋಟ್ಲುಗಳಿಗೂ ವಾರದ ರಜೆ, ಮಧ್ಯಾಹ್ನದ ಬಿಡುವು ಅಂತೆಲ್ಲ ಇರತ್ತೆ, ಹೊರಡೋ ಮೊದ್ಲು ಒಂದು ಫೋನ್ ಮಾಡೋದು ಒಳ್ಳೇದು. ಆರು ಜನಕ್ಕೆ ಒಂದೇ ಕಡೆ ಜಾಗ ಬೇಕು ಅಂತ ಹಠ ಹಿಡೀಬೇಡಿ, ಮೂರು ಮೂರು ಜನ ಎರಡು ಟೇಬಲ್‌ಗೆ ಹೋಗ್ಬಿಡಿ, ಕಾಯೋ ಸಮಯ ಅರ್ಧ ಆಗತ್ತೆ.

ಆರ್ಡರ್ ಮಾಡೋದ್ರಲ್ಲೂ ಒಂದು ಕ್ರಮ ಉಂಟು. ಕೂತ ತಕ್ಷಣ ಇಡ್ಲಿ, ವಡೆ, ರಸಂ ವಡೆ ಥರದ ರೆಡಿ ಐಟಂ ಹೇಳಿ, ಅದು ಎರಡೇ ನಿಮಿಷಕ್ಕೆ ಬರತ್ತೆ. ಅದ್ರ ಜೊತೆಗೇ ದೋಸೆನೂ ಹೇಳ್ಬಿಡಿ, ಇಡ್ಲಿ ತಿನ್ನೋದ್ರೊಳಗೆ ಹೆಂಚಿಂದ ಇಳಿದಿರತ್ತೆ. ರಾಮ ಆಶ್ರಯಕ್ಕೆ ಹೋದ್ರೆ ಅವತ್ತಿನ ಶಿರಾ, ಅಂದ್ರೆ ನಮ್ಮ ಕೇಸರಿಬಾತ್, ಏನಿದೆ ಅಂತ ಕೇಳಿ. ಅನಾನಸ್ ಶಿರಾ ಅಲ್ಲಿ ಫೇಮಸ್ಸು, ಮಾವಿನ ಸೀಸನಲ್ಲಿ ಮಾವಿಂದು, ಒಂದು ಪ್ಲೇಟ್ ಇಬ್ರಿಗೆ ಸಾಕು. ಕಾಫಿ ಮಾತ್ರ ಕೊನೆಗೆ, ಕಾಫಿ ಜೊತೆಗೇ ಬಿಲ್ ಕೇಳಿ. ನೀವಾಗೇ ಬಿಲ್ ಕೇಳಿದ್ರೆ ವೇಟರ್‌ಗೆ ನಿಮ್ಮ ಮೇಲೆ ಗೌರವ ಬರತ್ತೆ, ಮುಂದಿನ ಸಲ ಮುಖ ನೆನಪಿರತ್ತೆ, ಇದು ಸಣ್ಣ ವಿಷ್ಯ ಅಲ್ಲ.

ಆಮೇಲೆ ಮಾತು? ಮಾತಿಗೆ ಹೊರಗೆ ಬನ್ನಿ ಮಾರಾಯ್ರೆ. ಕಿಂಗ್ಸ್ ಸರ್ಕಲ್ ಗಾರ್ಡನ್ ಅಂತ ಎಲ್ರೂ ಕರೆಯೋ ಮಹೇಶ್ವರಿ ಉದ್ಯಾನ ಪಕ್ಕದಲ್ಲೇ ಉಂಟು, ಇನ್ನೂ ಸ್ವಲ್ಪ ನಡೆದ್ರೆ ಪಾರ್ಸಿ ಕಾಲೊನಿ ಕಡೆ ಫೈವ್ ಗಾರ್ಡನ್ಸ್. ಮರದ ನೆರಳು, ಕಟ್ಟೆ, ಯಾರೂ ಎಬ್ಬಿಸಲ್ಲ, ಒಂದು ರೂಪಾಯಿ ಖರ್ಚಿಲ್ಲ. ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್‌ನಲ್ಲಿ, 1926ರಷ್ಟು ಹಳೇ ಸಂಸ್ಥೆ ಅದು, ಶನಿವಾರ ಭಾನುವಾರ ಏನಾದ್ರೂ ಕನ್ನಡ ಕಾರ್ಯಕ್ರಮ ಇದ್ರೆ ಅದನ್ನೂ ಸೇರಿಸ್ಕೊಳ್ಳಿ. ತಿಂಡಿ, ಕಾರ್ಯಕ್ರಮ, ಪಾರ್ಕು, ಎಲ್ಲ ನಡೆಯೋ ದೂರದಲ್ಲೇ.

ಈಗ ಕೂತು ಮಾತಾಡೋ ಜಾಗಕ್ಕೆ ಬರೋಣ. ಮುಂಬೈನ ಪ್ರತಿ ಉಪನಗರದಲ್ಲೂ ಸ್ಟೇಷನ್‌ನಿಂದ ಐದು ನಿಮಿಷದಲ್ಲಿ ನಮ್ಮ ಕರಾವಳಿಯವ್ರು ನಡೆಸೋ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಇರತ್ತೆ, ಕೆಳಗೆ ನಾನ್ ಎ.ಸಿ., ಮೇಲೆ ಎ.ಸಿ. ಹಾಲು, ಕೆಲವಕ್ಕೆ ಪಕ್ಕದಲ್ಲಿ ಪರ್ಮಿಟ್ ರೂಮು, ಅಂದ್ರೆ ಲೈಸೆನ್ಸ್ ಇರೋ ಬಾರು. ಮೇಲಿನ ಹಾಲಿಗೆ ರೇಟ್ ಸ್ವಲ್ಪ ಜಾಸ್ತಿ ಇರತ್ತೆ, ಆ ಜಾಸ್ತಿ ದುಡ್ಡು ಎ.ಸಿ.ಗಷ್ಟೇ ಅಲ್ಲ, ನೀವು ಹೆಚ್ಚು ಹೊತ್ತು ಕೂರೋದಕ್ಕೂ ಸೇರಿನೇ ಅಂತ ತಿಳ್ಕೊಳ್ಳಿ. ಅಲ್ಲಿ ಎರಡು ಗಂಟೆ ಕೂತ್ರೆ ಯಾರೂ ಏನೂ ಅನ್ನಲ್ಲ. ಆದ್ರೆ ಅಲ್ಲಿ ಬೇರೆ ಕಷ್ಟ ಬರತ್ತೆ, ಅದು ಮೆನು. ಇಡ್ಲಿಯಿಂದ ಹಿಡಿದು ಪನೀರ್ ಟಿಕ್ಕಾ, ಪಾವ್‌ಭಾಜಿ, ಶೇಜ್ವಾನ್ ರೈಸ್ ತನಕ ಪುಸ್ತಕದಷ್ಟು ದಪ್ಪ.

ಆ ಮೆನು ಹಿಂದೆ ಕಿಚನ್‌ನಲ್ಲಿ ಏನಿರತ್ತೆ ಅಂತ ಹೇಳ್ತೀನಿ, ಇದು ಗೊತ್ತಿದ್ರೆ ನಿಮ್ಮ ಸಂಜೆ ಎಷ್ಟೋ ಸುಧಾರಿಸತ್ತೆ. ಒಳಗೆ ಸಾಮಾನ್ಯವಾಗಿ ಮೂರ್ನಾಲ್ಕು ವಿಭಾಗ. ಒಂದು ಕಡೆ ದೋಸೆ ಹೆಂಚು, ಇನ್ನೊಂದು ಕಡೆ ತಂದೂರ್ ಮತ್ತು ಗ್ರೇವಿ, ಮತ್ತೊಂದು ಕಡೆ ದೊಡ್ಡ ಬೆಂಕಿ ಮೇಲೆ ಚೈನೀಸ್ ಬಾಣಲೆ, ಜೂಸ್ ಕೌಂಟರ್ ಬೇರೆ. ಒಂದೊಂದಕ್ಕೂ ಬೇರೆ ಬೇರೆ ಅಡುಗೆಯವ್ರು. ವೇಟರ್ ನಿಮ್ಮ ಆರ್ಡರ್ ತಗೊಂಡು ಹೋದ ಮೇಲೆ ಕೆ.ಓ.ಟಿ. ಅಂತ ಚೀಟಿ ಹರಿದು ಆಯಾ ವಿಭಾಗಕ್ಕೆ ಹೋಗತ್ತೆ, ಆರು ಜನ ಆರು ಥರ ಹೇಳಿದ್ರೆ ಒಂದೇ ಟೇಬಲ್ ಚೀಟಿ ಮೂರು ನಾಲ್ಕು ಸಾಲಲ್ಲಿ ಕಾಯ್ತಾ ಬಿದ್ದಿರತ್ತೆ. ದೋಸೆ ಹೇಳಿದವನಿಗೆ ಏಳು ನಿಮಿಷಕ್ಕೆ ಬಂತು, ಫ್ರೈಡ್ ರೈಸ್‌ಗೆ ಹದಿನೈದು, ತಂದೂರಿ ರೊಟ್ಟಿ ಬರೋ ಹೊತ್ತಿಗೆ ಮೊದಲನೆಯವನು ಕೈ ತೊಳ್ಕೊಂಡು ಮೊಬೈಲ್ ನೋಡ್ತಿರ್ತಾನೆ. ಸೇರಿ ಊಟ ಮಾಡೋಕೆ ಅಂತ ಬಂದು ಒಬ್ಬೊಬ್ರಾಗಿ ಊಟ ಮಾಡಿ ಹೋದ ಹಾಗಾಗತ್ತೆ. ಅದಕ್ಕೆ ಇಡೀ ಟೇಬಲ್ ಸೇರಿ ಒಂದೇ ವಿಭಾಗದಿಂದ, ಹೆಚ್ಚಂದ್ರೆ ಎರಡರಿಂದ ಆರ್ಡರ್ ಮಾಡಿ, ಮಧ್ಯ ಇಟ್ಕೊಂಡು ಹಂಚ್ಕೊಂಡು ತಿನ್ನಿ. ರಾತ್ರಿ ಹತ್ತರ ಮೇಲೆ ಕೆಲವು ಕಡೆ ದೋಸೆ ಹೆಂಚು ತೊಳೆದಿಟ್ಟಿರ್ತಾರೆ, ರೈಸ್ ಪ್ಲೇಟ್ ಮಧ್ಯಾಹ್ನಕ್ಕೆ ಮಾತ್ರ, ಇಂಥದ್ದನ್ನ ಕೂತ ತಕ್ಷಣ ಕೇಳ್ಬಿಡಿ. ಯಾವುದು ಚೆನ್ನಾಗಿರತ್ತೆ ಅಂತ ಗೊತ್ತಾಗ್ಬೇಕಂದ್ರೆ ಪಕ್ಕದ ಟೇಬಲ್‌ಗಳಲ್ಲಿ ಹೆಚ್ಚು ಜನ ಏನು ತಿಂತಿದ್ದಾರೆ ನೋಡಿ. ಜನ ಜಾಸ್ತಿ ತಿನ್ನೋ ಐಟಂದೇ ಸಾಮಾನು ಆ ಕಿಚನಲ್ಲಿ ತಾಜಾ ಇರತ್ತೆ.

ಮೀನಿನ ವಿಷ್ಯ ಬಂದಾಗ ನಂಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು ಅನ್ಸತ್ತೆ. ಫೋರ್ಟ್ ಏರಿಯಾದಲ್ಲಿ ನಮ್ಮ ಕಡೆ ಅಡುಗೆಯ ಹಳೇ ಮೀನೂಟದ ಜಾಗಗಳಿವೆ, ಮಹೇಶ್ ಲಂಚ್ ಹೋಮ್ 1973ರಲ್ಲಿ ಶುರುವಾಗಿದ್ದು, ಅಪೂರ್ವ, ಪ್ರತಾಪ್ ಲಂಚ್ ಹೋಮ್, ಕಾಲಾ ಘೋಡಾ ಕಡೆ ತೃಷ್ಣಾ. ಗಸಿ, ನೀರುದೋಸೆ, ಕಾಣೆ ಫ್ರೈ, ಬಂಗುಡೆ ಪುಳಿಮುಂಚಿ ಬೇಕಂದ್ರೆ ಅಲ್ಲಿಗೇ. ವಾರದ ದಿನ ಮಧ್ಯಾಹ್ನ ಒಂದರಿಂದ ಎರಡೂವರೆ ಆಫೀಸ್ ಜನ ಮುತ್ತಿಕೊಂಡಿರ್ತಾರೆ, ಶನಿವಾರ ಸಂಜೆ ಆಫೀಸುಗಳಿಗೆ ಬೀಗ ಬಿದ್ದಿರತ್ತೆ, ರಸ್ತೆ ಖಾಲಿ, ಏಳು ಗಂಟೆಗೆ ಹೋದ್ರೆ ಆರಾಮಾಗಿ ಜಾಗ ಸಿಗತ್ತೆ. ಮಹಾರಾಷ್ಟ್ರ ಕರಾವಳಿಯ ಮಾಲ್ವಣಿ ರುಚಿ ಬೇಕಂದ್ರೆ ದಾದರ್ ಇದೆ, ಅಲ್ಲಿ ಥಾಲಿ ಪದ್ಧತಿ, ಒಂದು ಫ್ರೈ, ಒಂದು ಸಾರು, ಭಾಕರಿ (ರೊಟ್ಟಿ) ಅಥವಾ ಚಪಾತಿ, ಅನ್ನ, ಪುನರ್ಪುಳಿ ತೆಂಗಿನಹಾಲಿನ ಸೋಲ್ ಕಢಿ. ನಿಮ್ಮಂಥ ಗುಂಪಿಗೆ ಥಾಲಿ ತುಂಬಾ ಅನುಕೂಲ, ಪ್ರತಿಯೊಬ್ರ ಪ್ಲೇಟು ಬೇರೆ, ರೇಟು ಮೊದ್ಲೇ ಗೊತ್ತು, ಹಂಚೋ ತಲೆನೋವೇ ಇಲ್ಲ.

ಮೀನಿನ ಹೋಟ್ಲಲ್ಲಿ ಬಿಲ್ ಹಾರೋದು ಎರಡು ಕಡೆ, ಏಡಿ ಮತ್ತು ಪಾಂಫ್ರೆಟ್. ಮೆನುನಲ್ಲಿ ರೇಟಿನ ಜಾಗದಲ್ಲಿ 'ಆ್ಯಸ್ ಪರ್ ಸೈಜ್' ಅಂತ ಬರೆದಿರತ್ತೆ. ಅದು ಮೋಸ ಅಲ್ಲ, ಮಾರ್ಕೆಟಲ್ಲಿ ದಿನಾ ರೇಟ್ ಬದಲಾಗತ್ತೆ, ಸೈಜಿನ ಮೇಲೆ ವ್ಯತ್ಯಾಸ ಆಗತ್ತೆ. ಆದ್ರೆ ಕೇಳೋದು ನಿಮ್ಮ ಕೆಲಸ. ಮೀನು ತೋರಿಸಿ ಅನ್ನಿ, ತೂಕ ಎಷ್ಟು, ಇದಕ್ಕೆ ಎಷ್ಟಾಗತ್ತೆ ಅಂತ ಕೇಳಿ, ಅವ್ರು ಒಂದು ಅಂಕಿ ಹೇಳಿದ ಮೇಲೆ ಮಸಾಲೆ ಹಾಕೋಕೆ ಹೇಳಿ. ಬೆಣ್ಣೆ ಪೆಪ್ಪರ್ ಗಾರ್ಲಿಕ್ ಏಡಿ ಎಷ್ಟೇ ಫೇಮಸ್ ಇದ್ರೂ ಟೇಬಲ್‌ನಲ್ಲಿ ಇಬ್ರಿಗೆ ಮಾತ್ರ ಬೇಕಂದ್ರೆ ಅದನ್ನ ಆ ಇಬ್ರ ಲೆಕ್ಕಕ್ಕೆ ಅಂತ ಆರ್ಡರ್ ಮಾಡೋ ಮೊದ್ಲೇ ಹೇಳ್ಬಿಡಿ.

ದಿನ ನೋಡಿ ಹೋಗೋದೂ ಮುಖ್ಯ. ಮಹಾರಾಷ್ಟ್ರದಲ್ಲಿ ಬುಧವಾರ, ಶುಕ್ರವಾರ, ಭಾನುವಾರ ಮೀನು ಮಾಂಸ ತಿನ್ನೋ ದಿನಗಳು, ಸೋಮವಾರ, ಮಂಗಳವಾರ, ಗುರುವಾರ, ಶನಿವಾರ ಒಬ್ಬೊಬ್ರು ಒಂದೊಂದು ದೇವ್ರ ಹೆಸರಲ್ಲಿ ಬಿಟ್ಟಿರ್ತಾರೆ. ಮೂರು ದಿನ ಗದ್ದಲ, ಆದ್ರೆ ಮಾರ್ಕೆಟಿಗೆ ಮೀನು ಬರೋದೂ ಜಾಸ್ತಿ, ಉಳಿದ ದಿನ ಜಾಗ ಸಲೀಸು. ಜೂನ್ 1ರಿಂದ ಜುಲೈ ಕೊನೆ ತನಕ ಯಾಂತ್ರಿಕ ದೋಣಿಗಳಿಗೆ ಸಮುದ್ರದಲ್ಲಿ ಮೀನುಗಾರಿಕೆ ಬಂದ್, ಆಗ ತಾಜಾ ಸಮುದ್ರದ ಮೀನಿಗೆ ಆಸೆ ಪಡ್ಬೇಡಿ, ಆ ಎರಡು ತಿಂಗಳು ಮಾಟುಂಗಾ ಕಡೆ ತಿರುಗಿ. ಶ್ರಾವಣದ ಹಿಂದಿನ ಅಮಾವಾಸ್ಯೆ ಸುತ್ತ ಗಟಾರಿ ಅಂತ ಮಾಡ್ತಾರೆ, ಒಂದು ತಿಂಗಳು ಬಿಡ್ಬೇಕಲ್ಲ ಅಂತ ಎಲ್ರೂ ಒಟ್ಟಿಗೇ ತಿನ್ನೋಕೆ ನುಗ್ಗೋ ಸಮಯ, ಆಗ ಮೀನಿನ ಹೋಟ್ಲಿಗೆ ಕಾಲಿಡ್ಬೇಡಿ. ಶ್ರಾವಣ ಶುರುವಾದ್ಮೇಲೆ ಅದೇ ಹೋಟ್ಲುಗಳು ಖಾಲಿ ಖಾಲಿ.

ಇನ್ನು ನಿಮ್ಮ ಇಬ್ರು ವೆಜ್ ಗೆಳೆಯರು. ಮೀನಿನ ಹೋಟ್ಲಲ್ಲೂ ವೆಜ್ ಸಿಗತ್ತಲ್ಲ ಅಂತ ಎಳ್ಕೊಂಡು ಹೋಗೋದು ಸರಿ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ತವಾ, ಒಂದೇ ಎಣ್ಣೆ ಇದ್ಯಾ ಅಂತ ಕೇಳ್ಕೊಂಡು ಕೂರೋದು ಅವ್ರಿಗೆ ಮುಜುಗರ, ಸುತ್ತ ವಾಸನೆ, ಕೊನೆಗೆ ಒಂದು ಪುಲಾವ್ ತಿಂದು ಏಳ್ತಾರೆ, ಹೊಟ್ಟೆ ತುಂಬಿರತ್ತೆ ಮನಸ್ಸು ತುಂಬಿರಲ್ಲ. ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನೋವ್ರಿಗೆ ಮುಂಬೈಯಷ್ಟು ಸುಲಭದ ಊರು ಕಮ್ಮಿ. ಗುಜರಾತಿ, ಜೈನ ಗಿರಾಕಿಗಳಿಗಾಗಿ ಉಡುಪಿ ಹೋಟ್ಲುಗಳು ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ತರಕಾರಿ ಇಲ್ಲದ ಜೈನ್ ಅಡುಗೆ ಮಾಡೋದು ಯಾವಾಗ್ಲೋ ಕಲ್ತಿವೆ, ಜೈನ್ ಪಾವ್‌ಭಾಜಿಗೆ ಆಲೂಗಡ್ಡೆ ಬದಲು ಬಾಳೆಕಾಯಿ ಹಾಕ್ತಾರೆ, ರುಚಿನೂ ಚೆನ್ನಾಗಿರತ್ತೆ. ನಿಮ್ಮ ಘಾಟ್‌ಕೋಪರಲ್ಲಂತೂ ಹೆಜ್ಜೆಗೊಂದು ಸಿಗತ್ತೆ. ಸಾಂಬಾರ್ ಮಾತ್ರ ಹೋಟ್ಲಿಂದ ಹೋಟ್ಲಿಗೆ ಬೇರೆ, ಬೆಳಿಗ್ಗೆನೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿರ್ತಾರೆ, ನಿಮಗೋಸ್ಕರ ಬೇರೆ ಮಾಡೋಕಾಗಲ್ಲ, ಅದಕ್ಕೆ ಕೇಳಿನೇ ಹಾಕಿಸ್ಕೊಳ್ಳಿ. ಹಾಗಾಗಿ ಆರೂ ಜನ ಬರೋ ದಿನ ವೆಜ್ ಜಾಗ ಇಟ್ಕೊಳ್ಳಿ. ಮೀನು ಬಿಯರ್ ಬೇಕಾದ ನಾಲ್ಕು ಜನ ಇನ್ನೊಂದು ದಿನ ಬೇರೆ ಸೇರಿ, ಅದನ್ನ ಮುಚ್ಚಿಡ್ಬೇಡಿ, ಗ್ರೂಪಲ್ಲೇ ಹೇಳಿ, ಯಾರಿಗೂ ಬೇಜಾರಾಗಲ್ಲ.

ಈಗ ಬಿಲ್. ಸರ್ವಿಸ್ ಚಾರ್ಜ್ ಬಗ್ಗೆ ನಿಮ್ಮ ಜಗಳದಲ್ಲಿ ನ್ಯಾಯ ನಿಮ್ಮ ಕಡೆನೇ ಇತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ತಂದಿದೆ, ಹೋಟ್ಲಿನವ್ರು ತಾವಾಗೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ, ಬೇರೆ ಹೆಸರಲ್ಲೂ ವಸೂಲಿ ಮಾಡೋ ಹಾಗಿಲ್ಲ, ಕೊಡೋದು ಬಿಡೋದು ಗಿರಾಕಿ ಇಷ್ಟ. ರೆಸ್ಟೋರೆಂಟ್ ಸಂಘಗಳು ಕೋರ್ಟಿಗೆ ಹೋಗಿ ಅದಕ್ಕೆ ತಡೆ ತಂದಿದ್ವು, ಆದ್ರೆ 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿನ ಎತ್ತಿಹಿಡೀತು. ಹಾಗಾಗಿ ಜೋರು ಮಾಡೋ ಅಗತ್ಯನೇ ಇಲ್ಲ, ಕ್ಯಾಪ್ಟನ್, ಅಂದ್ರೆ ವೇಟರ್‌ಗಳ ಮೇಲ್ವಿಚಾರಕನನ್ನ ಕರೆದು 'ಅಣ್ಣ, ಸರ್ವಿಸ್ ಚಾರ್ಜ್ ತೆಗೆದು ಬಿಲ್ ಮಾಡಿ ಕೊಡಿ' ಅಂದ್ರೆ ಸಾಕು. ಒಪ್ಲಿಲ್ಲ ಅಂದ್ರೆ ಬಿಲ್ ಫೋಟೋ ಇಟ್ಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಜಿಎಸ್‌ಟಿ ಬೇರೆ ವಿಷ್ಯ, ಅದು ಸರ್ಕಾರಕ್ಕೆ ಹೋಗೋದು. ನೀವು ಹೋಗೋಂಥ ಹೋಟ್ಲುಗಳಲ್ಲಿ ಅದು 5 ಪರ್ಸೆಂಟ್, ಎ.ಸಿ. ಇರ್ಲಿ ಬಿಡ್ಲಿ, ಬಿಲ್ಲಲ್ಲಿ ಎರಡೂವರೆ ಎರಡೂವರೆ ಅಂತ ಎರಡು ಸಾಲಾಗಿ ಬರತ್ತೆ. ಸಣ್ಣ ಹೋಟ್ಲು ಕಂಪೋಸಿಷನ್ ಸ್ಕೀಮಲ್ಲಿದ್ರೆ, ಅಂದ್ರೆ ಒಟ್ಟು ವ್ಯಾಪಾರದ ಮೇಲೆ ತಾನೇ ತೆರಿಗೆ ಕಟ್ಟೋ ಸಣ್ಣ ವ್ಯಾಪಾರಿಗಳ ಯೋಜನೆಯಲ್ಲಿದ್ರೆ, ಗಿರಾಕಿಯಿಂದ ಜಿಎಸ್‌ಟಿ ತಗೊಳ್ಳೋ ಹಾಗೇ ಇಲ್ಲ, ಬಿಲ್ ಮೇಲೆ ಹಾಗಂತ ಬರೆದಿರ್ಬೇಕು. ಬಿಯರ್ ಜಿಎಸ್‌ಟಿಗೆ ಬರಲ್ಲ, ಅದಕ್ಕೆ ರಾಜ್ಯದ ವ್ಯಾಟ್, ಮಹಾರಾಷ್ಟ್ರದಲ್ಲಿ 2023ರ ನವೆಂಬರ್‌ನಿಂದ ಪರ್ಮಿಟ್ ರೂಮುಗಳಲ್ಲಿ ಅದು 10 ಪರ್ಸೆಂಟ್ ಆಗಿದೆ. ಬಾಟಲ್ ನೀರು ಕೇಳದೇ ಟೇಬಲ್ ಮೇಲೆ ಇಟ್ರೆ ತೆಗೆಯೋಕೆ ಹೇಳಿ, ಸಾದಾ ಪಾನಿ ಅನ್ನಿ. ಹೋಟ್ಲಲ್ಲಿ ಕೂತು ಕುಡಿಯೋ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿರೋದ್ರಿಂದ ಆಮೇಲೆ ವಾದ ಮಾಡಿ ಪ್ರಯೋಜನ ಇಲ್ಲ.

ಸಮ ಸಮ ಹಂಚೋದ್ರಲ್ಲಿ ಏನಾಗತ್ತೆ ಅಂತ ಒಂದು ಲೆಕ್ಕ ನೋಡಿ. ಆರು ಜನರ ಊಟ 2400, ಇಬ್ರ ಬಿಯರ್ 1200 ಅಂತಿಟ್ಕೊಳ್ಳಿ. ಊಟಕ್ಕೆ ಜಿಎಸ್‌ಟಿ 120 ಸೇರಿ 2520, ಬಿಯರ್‌ಗೆ ವ್ಯಾಟ್ 120 ಸೇರಿ 1320, ಒಟ್ಟು 3840. ಆರು ಭಾಗ ಮಾಡಿದ್ರೆ ತಲೆಗೆ 640. ನಿಜವಾಗಿ ಊಟಕ್ಕೆ ತಲೆಗೆ 420, ಬಿಯರ್ ಕುಡಿದವ್ರಿಗೆ ಮತ್ತೆ ತಲಾ 660. ಅಂದ್ರೆ ಕುಡೀದೇ ಇದ್ದ ಒಬ್ಬೊಬ್ರೂ 220 ರೂಪಾಯಿ ಬೇರೆಯವ್ರ ಬಿಯರ್‌ಗೆ ಕೊಟ್ಟ ಹಾಗಾಯ್ತು, ಕುಡಿದವ್ರಿಗೆ 440 ಉಳೀತು. ಒಂದು ಸಲ ಆದ್ರೆ ಯಾರೂ ಬಾಯಿ ಬಿಡಲ್ಲ. ತಿಂಗಳಾ ತಿಂಗಳಾ ಆದ್ರೆ, ಅದೂ ಪುಲಾವ್ ಮಾತ್ರ ತಿಂದವನಿಗೆ, ಬರೋದೇ ಬೇಡ ಅನ್ಸತ್ತೆ, ಅವನು ಹೇಳ್ಕೊಳ್ಳೋದೂ ಇಲ್ಲ, ಕೆಲಸ ಇದೆ ಅಂತಾನೆ ಅಷ್ಟೆ. ದೋಸ್ತಿ ಇದ್ರಿಂದ ಹಾಳಾಗೋದನ್ನ ನಾನು ಗಲ್ಲಾ ಮುಂದೆನೇ ಎಷ್ಟೋ ಸಲ ನೋಡಿದೀನಿ, ನಂಗೆ ನಿಜಕ್ಕೂ ನೋವಾಗತ್ತೆ.

ನಮ್ಮ ಮರಾಠಿ ಗೆಳೆಯರು ಟಿಟಿಎಂಎಂ ಅಂತಾರಲ್ಲ, ನಿಂದು ನೀನು ನಂದು ನಾನು, ಅದನ್ನ ದೋಸೆ ಕಾಫಿಗೆಲ್ಲ ಮಾಡೋಕೆ ಹೋದ್ರೆ ಚಿಲ್ಲರೆ ಲೆಕ್ಕ ಆಗಿ ಊಟದ ಖುಷಿನೇ ಹೋಗತ್ತೆ. ನನ್ನ ಸಲಹೆ, ಮಧ್ಯ ಇಟ್ಕೊಂಡು ತಿಂದಿದ್ದು ಸಮ ಪಾಲು, ಕುಡಿದಿದ್ದು ಅವರವ್ರದ್ದು, ಏಡಿ ಪಾಂಫ್ರೆಟ್ ಥರ ದುಬಾರಿ ಐಟಂ ತಿಂದವ್ರದ್ದು. ಆರ್ಡರ್ ಮಾಡೋವಾಗ್ಲೇ ಕ್ಯಾಪ್ಟನ್‌ಗೆ ಹೇಳಿ ಊಟಕ್ಕೊಂದು ಬಿಲ್ಲು ಬಾರ್‌ಗೊಂದು ಬಿಲ್ಲು ಮಾಡಿಸ್ಕೊಳ್ಳಿ, ಎಷ್ಟೋ ಕಡೆ ಹೇಗೂ ಬೇರೆನೇ ಮಾಡ್ತಾರೆ. ಹೋಟ್ಲು ಆರಿಸೋವಾಗ ಆರು ಜನರಲ್ಲಿ ಯಾರ ಕೈ ಬಿಗಿಯಾಗಿದ್ಯೋ ಅವ್ರಿಗೆ ಹೊಂದೋ ಹಾಗೆ ಆರಿಸಿ. ಜಾಸ್ತಿ ಸಂಬಳದವ್ರಿಗೆ ರಾಮ ನಾಯಕರ ಬಾಳೆಎಲೆ ಊಟದಲ್ಲಿ ಏನೂ ಕಮ್ಮಿ ಆಗಲ್ಲ.

ಸರ್ವಿಸ್ ಚಾರ್ಜ್ ಕೊಡ್ಬೇಡಿ ಅಂದೆ, ಟಿಪ್ ಕೊಡ್ಬೇಡಿ ಅನ್ಲಿಲ್ಲ. ಯುಪಿಐ ಬಂದ್ಮೇಲೆ ತಟ್ಟೆಯಲ್ಲಿ ಚಿಲ್ಲರೆ ಬಿಡೋದು ತುಂಬಾ ಕಮ್ಮಿಯಾಗಿದೆ, ಹುಡುಗ್ರಿಗೆ ಅದ್ರ ಪೆಟ್ಟು ಬಿದ್ದಿದೆ. ಬಹಳ ಹೋಟ್ಲುಗಳಲ್ಲಿ ಟಿಪ್ ಒಂದು ಡಬ್ಬಿಗೆ ಹಾಕಿ ಹಂಚ್ಕೊಳ್ತಾರೆ, ಟೇಬಲ್ ಒರೆಸೋನು, ಪಾತ್ರೆ ತೊಳೆಯೋನು ಎಲ್ರಿಗೂ ಪಾಲು. ಹೋಗೋವಾಗ ಒಬ್ರು ಐವತ್ತು ನೂರರ ನೋಟು ಇಟ್ಕೊಂಡಿರಿ, ಕೈಗೇ ಕೊಡಿ. ಒಂದು ಕಾಲದಲ್ಲಿ ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗ್ರೇ ಈ ಕೆಲಸಕ್ಕೆ ಬರ್ತಿದ್ರು, ಹಗಲು ಹೋಟ್ಲಲ್ಲಿ ದುಡಿದು ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಓದಿ, ಅವ್ರಲ್ಲಿ ಎಷ್ಟೋ ಜನ ಆಮೇಲೆ ಸ್ವಂತ ಹೋಟ್ಲು ಮಾಡಿದ್ರು, ವಕೀಲರಾದ್ರು. ಈಗ ಉತ್ತರಪ್ರದೇಶ, ಬಿಹಾರ, ಒಡಿಶಾ, ನೇಪಾಳದ ಹುಡುಗ್ರು. ಊರು ಬಿಟ್ಟು ಬಂದು ಹೋಟ್ಲು ರೂಮಲ್ಲಿ ಮಲಗೋದ್ರಲ್ಲಿ ಅವ್ರಿಗೂ ನಮ್ಮವ್ರಿಗೂ ಏನೂ ವ್ಯತ್ಯಾಸ ಇಲ್ಲ. ಹಳೇ ಕ್ಯಾಪ್ಟನ್, ಗಲ್ಲಾದಲ್ಲಿ ಕೂತವ್ರು ಮಾತ್ರ ಇನ್ನೂ ಹೆಚ್ಚಾಗಿ ನಮ್ಮ ಕಡೆಯವ್ರೇ, ಕನ್ನಡದಲ್ಲೋ ತುಳುವಲ್ಲೋ ಮಾತಾಡಿಸಿ ನೋಡಿ, ಇವತ್ತು ಯಾವ ಮೀನು ಒಳ್ಳೇದು, ಯಾವುದು ಬೇಡ ಅಂತ ಅವ್ರೇ ಹೇಳ್ತಾರೆ. ಅದಕ್ಕೇ ಪ್ರತಿ ತಿಂಗಳೂ ಹೊಸ ಜಾಗ ಹುಡುಕ್ಬೇಡಿ. ಒಂದು ತಿಂಡಿ ಹೋಟ್ಲು, ಒಂದು ಕೂತು ಊಟ ಮಾಡೋ ಹೋಟ್ಲು, ಎರಡು ಹಿಡ್ಕೊಂಡು ಅಲ್ಲಿಗೇ ಹೋಗ್ತಾ ಇರಿ. ಹಿಂದಿನ ದಿನ ಫೋನ್ ಮಾಡಿ ಆರು ಜನ, ಒಬ್ಬನಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ, ಏಳೂವರೆಗೆ ಬರ್ತೀವಿ ಅಂತ ಹೇಳಿದ್ರೆ ಮೂಲೆ ಟೇಬಲ್ ಇಟ್ಟಿರ್ತಾರೆ. ರಾತ್ರಿ ಊಟದ ನೂಕುನುಗ್ಗಲು ಎಂಟೂವರೆ ಮೇಲೆ ಶುರು ಆಗೋದು, ಅಷ್ಟೊತ್ತಿಗೆ ನಿಮ್ದು ಅರ್ಧ ಆಗಿರತ್ತೆ.

ಜಾಗ ದಾದರ್ ಮಾಟುಂಗಾ ಸುತ್ತ ಇಟ್ಕೊಳ್ಳೋದೇ ನಿಮ್ಮ ಆರು ಜನಕ್ಕೆ ನ್ಯಾಯ. ಡೊಂಬಿವಲಿಯವ್ರು ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲೋ ಫಾಸ್ಟ್ ಲೋಕಲ್‌ನಲ್ಲಿ ದಾದರ್, ನೀವು ಘಾಟ್‌ಕೋಪರಿಂದ, ಪೊವಾಯಿಯವ್ರು ಕಾಂಜೂರ್‌ಮಾರ್ಗ್‌ನಿಂದ ಎಲ್ಲ ಕಡೆ ನಿಲ್ಲೋ ಸ್ಲೋ ಲೋಕಲ್ ಹಿಡಿದು ಸೀದಾ ಮಾಟುಂಗಾ, ಬೊರಿವಲಿಯವ್ರು ವೆಸ್ಟರ್ನ್ ಲೈನಲ್ಲಿ ಮಾಟುಂಗಾ ರೋಡ್ ಇಳಿದು ಝೆಡ್ ಬ್ರಿಜ್ ಅನ್ನೋ ಪಾದಚಾರಿ ಸೇತುವೆ ದಾಟಿದ್ರೆ ಆಯ್ತು, ನೆರೂಲ್‌ನವ್ರು ಕುರ್ಲಾದಲ್ಲಿ ಬದಲಾಯಿಸ್ಬೇಕು. ಭಾನುವಾರ ಮಧ್ಯಾಹ್ನ ಸೇರೋ ಪ್ಲ್ಯಾನ್ ಮಾಡ್ಲೇಬೇಡಿ, ಸೆಂಟ್ರಲ್, ಹಾರ್ಬರ್ ಎರಡೂ ಲೈನಲ್ಲಿ ಸುಮಾರಾಗಿ ಹನ್ನೊಂದರಿಂದ ನಾಲ್ಕರ ತನಕ ಮೆಗಾ ಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ಟ್ರೇನ್ ಕಮ್ಮಿ ಮಾಡೋದು, ಇರತ್ತೆ, ಅರ್ಧ ಜನ ಟ್ರೇನಲ್ಲೇ ಉಳೀತಾರೆ.

ಡೊಂಬಿವಲಿ ಗೆಳೆಯನಿಗೆ ಗ್ರೂಪಲ್ಲಿ ಮೆಸೇಜ್ ಹಾಕ್ಬೇಡಿ, ನೀವೊಬ್ರೇ ಫೋನ್ ಮಾಡಿ. ಅವತ್ತು ಬಿಲ್ ಹಂಚಿದ ರೀತಿ ಸರಿ ಇರ್ಲಿಲ್ಲ, ಇನ್ಮೇಲೆ ಕುಡಿದಿದ್ದು ಅವರವ್ರದ್ದೇ ಅಂತ ಮಾಡ್ಕೊಂಡಿದೀವಿ ಅಂತ ನೇರ ಹೇಳಿ, ಸುತ್ತಿ ಬಳಸಿ ಬೇಡ. ಮುಂದಿನ ಶನಿವಾರದ ಜಾಗ ಅವನೇ ಹೇಳ್ಲಿ, ಟೈಮೂ ಅವನೇ ಹೇಳ್ಲಿ, ಎಲ್ರಿಗಿಂತ ದೂರದಿಂದ ಬರೋನು ಅವನೇ. ರಾತ್ರಿ ಅವನನ್ನ ದಾದರ್ ತನಕ ಬಿಟ್ಟು ಬನ್ನಿ, ಅಲ್ಲಿಂದ ಫಾಸ್ಟ್ ಸಿಗತ್ತೆ, ಮಾಟುಂಗಾದಲ್ಲಿ ಸ್ಲೋ ಮಾತ್ರ ನಿಲ್ಲೋದು.